ಸೇನಾ ಘಟಕ ನಾಮಕರಣ ಪದ್ಧತಿ

ಸೇನೆಯ ಘಟಕಗಳನ್ನು ಸಂಖ್ಯೆ, ಶಾಖೆ, ಪ್ರದೇಶ ಅಥವಾ ಬಿರುದಿನ ಮೂಲಕ ಗುರುತಿಸುವ ಮತ್ತು ಬರಹದಲ್ಲಿ ನಿರ್ದೇಶಿಸುವ ನಿಯಮಗಳ ಸಮೂಹ. ಆಡಳಿತದಲ್ಲೂ ಸೇನಾ ಇತಿಹಾಸ ಲೇಖನದಲ್ಲೂ ಬಳಕೆಯಲ್ಲಿದೆ.

ಅಮೆರಿಕದ ಪದ್ಧತಿಯಲ್ಲಿ ಆರ್ಮಿಯ ಕ್ರಮಸಂಖ್ಯೆಯನ್ನು ಅಕ್ಷರಗಳಲ್ಲೂ ಕೋರ್‌ನದನ್ನು ರೋಮನ್ ಅಂಕಿಗಳಲ್ಲೂ ಡಿವಿಷನ್‌ನದನ್ನು ಸಾಮಾನ್ಯ ಅಂಕಿಗಳಲ್ಲೂ ಬರೆಯಲಾಗುತ್ತದೆ. ಜರ್ಮನ್ ಪದ್ಧತಿಯಲ್ಲಿ ಕೋರ್ ಮತ್ತು ಬೆಟಾಲಿಯನ್‌ಗಳಿಗೆ ರೋಮನ್ ಅಂಕಿ, ಡಿವಿಷನ್, ರೆಜಿಮೆಂಟ್ ಮತ್ತು ಕಂಪನಿಗಳಿಗೆ ಸಾಮಾನ್ಯ ಅಂಕಿ ರೂಢಿಯಲ್ಲಿವೆ. ಭಾರತೀಯ ಪದಾತಿದಳದಲ್ಲಿ ಬೆಟಾಲಿಯನ್ ಸಂಖ್ಯೆ ಮೊದಲು, ರೆಜಿಮೆಂಟಿನ ಹೆಸರು ನಂತರ ಬರುತ್ತದೆ. 1/11 ಗೂರ್ಖಾ ರೈಫಲ್ಸ್ ಎಂದರೆ 11ನೇ ಗೂರ್ಖಾ ರೈಫಲ್ಸ್‌ನ ಮೊದಲನೇ ಬೆಟಾಲಿಯನ್. ಬಹು ಬೆಟಾಲಿಯನ್‌ಗಳ ರೆಜಿಮೆಂಟ್ ವ್ಯವಸ್ಥೆ 1922ರ ಪುನರ್ರಚನೆಯಲ್ಲಿ ನೆಲೆಗೊಂಡಿತು. ಸೋವಿಯತ್ ಸೇನೆ 1941ರ ಸೆಪ್ಟೆಂಬರಿನಿಂದ ಶೌರ್ಯ ತೋರಿದ ಘಟಕಗಳಿಗೆ ‘ಗಾರ್ಡ್ಸ್’ ಬಿರುದಿನೊಂದಿಗೆ ಹೊಸ ಸಂಖ್ಯೆಯನ್ನೂ ನೀಡಿತು.

ಸಂಖ್ಯೆಗಳು ಸದಾ ನಿಜವಾದ ಬಲವನ್ನು ಸೂಚಿಸುವುದಿಲ್ಲ. 1944ರಲ್ಲಿ ಜರ್ಮನರ ದಾರಿತಪ್ಪಿಸಲು ಮಿತ್ರಪಕ್ಷಗಳು ಜನರಲ್ ಪ್ಯಾಟನ್ ನೇತೃತ್ವದ ಅಮೆರಿಕದ ಮೊದಲನೇ ಆರ್ಮಿ ಗ್ರೂಪ್ ಇಂಗ್ಲೆಂಡಿನಲ್ಲಿ ಸಜ್ಜಾಗಿದೆಯೆಂದು ಬಿಂಬಿಸಿದವು. ಅದರ ಹಲವು ಘಟಕಗಳು ಕಾಲ್ಪನಿಕವಾಗಿದ್ದವು.

ಇತಿಹಾಸ ಬರಹದಲ್ಲಿ ಘಟನೆಯ ಕಾಲದ ಹೆಸರನ್ನೇ ಬಳಸುವುದು ಸಾಮಾನ್ಯ ನಿಯಮ. 1918ರ ಸೆಪ್ಟೆಂಬರ್ 23ರ ಹೈಫಾ ಕದನದ ವಿವರಣೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಎಂದೇ ನಮೂದಿಸಲಾಗುತ್ತದೆ. ಸ್ವಾತಂತ್ರ್ಯಾನಂತರ ಅದು 61ನೇ ಕ್ಯಾವಲ್ರಿಯಲ್ಲಿ ವಿಲೀನವಾಯಿತು.