ಮೂರು ಹೆಸರಿನ ಟೈಟಲ್ ಕಾರ್ಡ್

ರಾತ್ರಿ ಹೊತ್ತು. ಲಂಡನ್ನಿನ ಖಾಲಿ ಬೀದಿ. ರಸ್ತೆ ಮಧ್ಯದ ಮ್ಯಾನ್‌ಹೋಲ್ ಮುಚ್ಚಳ ಮೆಲ್ಲಗೆ ಮೇಲೇಳುತ್ತದೆ. ಒಳಗಿನಿಂದ ಹತ್ತಿ ಬರುವವನು ಚರಂಡಿ ಕೆಲಸದವನಲ್ಲ, ಔತಣಕ್ಕೆ ಹೊರಟವನಂತೆ ಕಪ್ಪು ಸೂಟು, ಬೋ ಟೈ ತೊಟ್ಟ ಮಾಜಿ ಸೈನ್ಯಾಧಿಕಾರಿ. ಮುಚ್ಚಳ ಮುಚ್ಚಿ, ತನ್ನ ರೋಲ್ಸ್ ರಾಯ್ಸ್ ಹತ್ತಿ ಹೊರಟುಹೋಗುತ್ತಾನೆ. 1960ರ ‘ದಿ ಲೀಗ್ ಆಫ್ ಜೆಂಟಲ್‌ಮೆನ್’ ಶುರುವಾಗುವುದು ಹೀಗೆ. ಇದನ್ನು ಬರೆದ ಬ್ರಯಾನ್ ಫೋರ್ಬ್ಸ್ ಅದರಲ್ಲಿ ಒಂದು ಪಾತ್ರವನ್ನೂ ಮಾಡಿದ್ದಾರೆ. ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದರಲ್ಲಿ ಈ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಾತೇ ಬಂಡವಾಳವಾಗಿದ್ದ ಮನುಷ್ಯ ಮಾತಿಲ್ಲದೆ ಶುರುಮಾಡುವ ಧೈರ್ಯ ಎಲ್ಲಿಂದ ತಂದ?

ನಾನು 30 ವರ್ಷ ಕನ್ನಡ ಸಿನಿಮಾಗಳಿಗೆ ಸಂಭಾಷಣೆ ಬರೆದವನು. ಒಮ್ಮೆ, ತಂದೆಯ ಶವದ ಮುಂದೆ ಮಗ ಒಂದೇ ಮಾತಾಡುವ ದೃಶ್ಯ ಬರೆದಿದ್ದೆ. ಶೂಟಿಂಗ್ ದಿನ ಸೆಟ್‌ಗೆ ಹೋಗುವಷ್ಟರಲ್ಲಿ ಆ ಒಂದು ಮಾತು ಒಂದು ಪುಟವಾಗಿತ್ತು. ಡೈಲಾಗ್ ಶೀಟ್ ಹಿಡಿದುಕೊಂಡು ಲೈಟುಗಳ ಹಿಂದೆ ನಿಂತಿದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆ ದಿನದಿಂದಲೇ ಫೋರ್ಬ್ಸ್ ನನಗೆ ಹತ್ತಿರದವರಾದರು. ಬರೆದವನ ಮಾತು ಸೆಟ್ಟಿನಲ್ಲಿ ಉಳಿಯಬೇಕಾದರೆ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಅವರು ಬದುಕಿಡೀ ಉತ್ತರ ಹುಡುಕಿದರು.

ಹುಟ್ಟಿದ್ದು 1926ರಲ್ಲಿ, ಲಂಡನ್ನಿನ ಪೂರ್ವಭಾಗದ ಸಾಧಾರಣ ಮನೆಯಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಜಾನ್ ಕ್ಲಾರ್ಕ್. ಅದೇ ಹೆಸರಿನ ಇನ್ನೊಬ್ಬ ನಟ ಆಗಲೇ ಇದ್ದುದರಿಂದ ಹೆಸರು ಬದಲಾಯಿಸಿಕೊಂಡರು. 17ನೇ ವಯಸ್ಸಿಗೆ ನಾಟಕ ಶಾಲೆ, ಆಮೇಲೆ ಸೈನ್ಯ, ಆಮೇಲೆ ಸಿನಿಮಾಗಳಲ್ಲಿ ಚಿಕ್ಕಪುಟ್ಟ ಪಾತ್ರಗಳು. ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಯುದ್ಧದ ಚಿತ್ರಗಳದ್ದೇ ಕಾಲ. ಸಮವಸ್ತ್ರ ಹಾಕಿಕೊಂಡು ಹಿಂದೆ ನಿಲ್ಲುವ ಹುಡುಗ, ಬಿಡುವಿನಲ್ಲಿ ಬರೆಯುವುದನ್ನು ಕಲಿತ. 1955ರ ‘ದಿ ಕಾಕಲ್‌ಶೆಲ್ ಹೀರೋಸ್’ ಚಿತ್ರಕಥೆಗೆ ಅವರ ಹೆಸರು ಬಂತು, ಪಕ್ಕದಲ್ಲೇ ಅಮೆರಿಕದ ರಿಚರ್ಡ್ ಮೈಬಾಮ್ ಹೆಸರೂ ಇತ್ತು.

ಎಲ್ಲ ಬದಲಾದದ್ದು 1959ರಲ್ಲಿ. ಗೆಳೆಯ ರಿಚರ್ಡ್ ಅಟೆನ್‌ಬರೋ ಜೊತೆ ಸೇರಿ ಬೀವರ್ ಫಿಲ್ಮ್ಸ್ ಎಂಬ ಪುಟ್ಟ ಕಂಪನಿ ಕಟ್ಟಿದರು. ಮೊದಲ ಚಿತ್ರ ‘ದಿ ಆಂಗ್ರಿ ಸೈಲೆನ್ಸ್’. ಕಾರ್ಖಾನೆಯಲ್ಲಿ ದಿಢೀರ್ ಮುಷ್ಕರ. ಟಾಮ್ ಕರ್ಟಿಸ್ ಎಂಬ ಕಾರ್ಮಿಕ ಅದಕ್ಕೆ ಸೇರುವುದಿಲ್ಲ. ಜೊತೆಗಾರರು ಅವನೊಂದಿಗೆ ಮಾತು ಬಿಡುತ್ತಾರೆ. ನಮ್ಮ ಊರುಗಳಲ್ಲಿ ಬಹಿಷ್ಕಾರ ಹಾಕುವುದು ಅನ್ನುತ್ತೇವಲ್ಲ, ಅದೇ. ಈ ಕಥೆಗೆ ದುಡ್ಡು ಹಾಕುವವರು ಸುಲಭಕ್ಕೆ ಸಿಗಲಿಲ್ಲ. ಹಾಗಾಗಿ ಮುಖ್ಯ ಕೆಲಸಗಾರರು ಸಂಭಾವನೆ ಬಿಟ್ಟು, ಲಾಭ ಬಂದರೆ ಪಾಲು ಎಂದು ಒಪ್ಪಿಕೊಂಡರು. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇಲ್ಲಿದೆ. ಕೂಲಿ ಬಿಟ್ಟುಕೊಟ್ಟ ದಿನವೇ ಬರಹಗಾರ ಪಾಲುದಾರನಾದ, ಅವನ ಪುಟ ಹರಿಯುವ ಅಧಿಕಾರ ಬೇರೆ ಯಾರಿಗೂ ಉಳಿಯಲಿಲ್ಲ. ಆ ಚಿತ್ರಕಥೆ ಫೋರ್ಬ್ಸ್‌ಗೆ ಬಾಫ್ತಾ ಪ್ರಶಸ್ತಿ ತಂದಿತು, ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು.

ನಿರ್ದೇಶನ ಅವರಿಗೆ ಆಕಸ್ಮಿಕವಾಗಿ ಒಲಿಯಿತು. 1961ರ ‘ವಿಸಲ್ ಡೌನ್ ದಿ ವಿಂಡ್’ ಚಿತ್ರವನ್ನು ಗೈ ಗ್ರೀನ್ ಮಾಡಬೇಕಿತ್ತು. ಅವರು ಹಿಂದೆ ಸರಿದ ಮೇಲೆ ಫೋರ್ಬ್ಸ್ ಕೈಗೆತ್ತಿಕೊಂಡರು. ಚಿತ್ರಕಥೆ ಕೀತ್ ವಾಟರ್‌ಹೌಸ್ ಮತ್ತು ವಿಲ್ಲಿಸ್ ಹಾಲ್ ಅವರದ್ದು. ಲ್ಯಾಂಕಾಶೈರ್‌ನ ಪೆಂಡಲ್ ಬೆಟ್ಟದ ಸುತ್ತಮುತ್ತ, ಅಲ್ಲಿನ ಶಾಲಾ ಮಕ್ಕಳನ್ನೇ ಸೇರಿಸಿಕೊಂಡು ತೆಗೆದರು. ಕೊಟ್ಟಿಗೆಯ ಹುಲ್ಲಿನಲ್ಲಿ ಗಡ್ಡ ಬಿಟ್ಟ ಅಪರಿಚಿತ ಅಡಗಿದ್ದಾನೆ. ಪೊಲೀಸರು ಹುಡುಕುತ್ತಿರುವ ಕೊಲೆಗಾರ. ರೈತನ ಮಗಳು ಕ್ಯಾಥಿ ಒಳಗೆ ಬಂದು, ಯಾರು ನೀನು ಅನ್ನುತ್ತಾಳೆ. ಬೆಚ್ಚಿಬಿದ್ದವನ ಬಾಯಿಂದ ಬೈಗುಳದಂತೆ ಏಸುವಿನ ಹೆಸರು ಬೀಳುತ್ತದೆ, ಅವನೂ ಕುಸಿದು ಬೀಳುತ್ತಾನೆ. ಹುಡುಗಿ ಅದನ್ನು ಉತ್ತರವೆಂದು ನಂಬುತ್ತಾಳೆ. ಆಮೇಲಿನ ಇಡೀ ಸಿನಿಮಾ ಆ ಒಂದು ಉದ್ಗಾರದ ಮೇಲೆ ನಿಂತಿದೆ. ಅದನ್ನು ಬರೆದವರು ಬೇರೆಯವರು. ಆದರೆ ಅದನ್ನು ಒತ್ತಿ ಹೇಳಿಸದೆ, ಉಸಿರು ಹೋದ ಹಾಗೆ ಬಿಡಿಸಿದ್ದು ಫೋರ್ಬ್ಸ್. ಮಾತಿನ ತೂಕ ಬಲ್ಲವರಿಗೆ ಮಾತ್ರ ಇದು ಸಾಧ್ಯ ಎಂದು ನಾನು ನಂಬಿದ್ದೇನೆ.

ಮುಂದಿನ ಐದಾರು ವರ್ಷ ಅವರ ಬದುಕಿನ ಸುಗ್ಗಿ. ‘ದಿ ಎಲ್ ಶೇಪ್ಡ್ ರೂಮ್’, ‘ಸೇಯಾನ್ಸ್ ಆನ್ ಎ ವೆಟ್ ಆಫ್ಟರ್‌ನೂನ್’, ಆಮೇಲೆ 1967ರ ‘ದಿ ವಿಸ್ಪರರ್ಸ್’, ಮೂರನ್ನೂ ತಾವೇ ಬರೆದು ತಾವೇ ನಿರ್ದೇಶಿಸಿದರು. ಕೊನೆಯದು ನನಗೆ ಎಲ್ಲಕ್ಕಿಂತ ಮೇಲು. ಸರ್ಕಾರದ ಸಹಾಯಧನದಲ್ಲಿ ಒಂಟಿಯಾಗಿ ದಿನ ದೂಡುವ ಮುದುಕಿಗೆ ಗೋಡೆಗಳಿಂದ ಪಿಸುಮಾತು ಕೇಳಿಸುತ್ತದೆ. 80ರ ಹತ್ತಿರವಿದ್ದ ಈಡಿತ್ ಇವಾನ್ಸ್ ಆ ಪಾತ್ರಕ್ಕೆ ಬರ್ಲಿನ್‌ನಲ್ಲಿ ಪ್ರಶಸ್ತಿ ಪಡೆದರು. ಮುಂದೆ ಆಕೆಯ ಜೀವನಚರಿತ್ರೆ ಬರೆದವರೂ ಫೋರ್ಬ್ಸ್.

1969ರಲ್ಲಿ ಎಲ್‌ಸ್ಟ್ರೀ ಸ್ಟುಡಿಯೋದ ಆಡಳಿತವೇ ಅವರ ಕೈಗೆ ಬಂತು. ನಟ ಲಯನಲ್ ಜೆಫ್ರೀಸ್‌ಗೆ ‘ದಿ ರೈಲ್ವೇ ಚಿಲ್ಡ್ರನ್’ ನಿರ್ದೇಶಿಸಲು ಕೊಟ್ಟರು. ಜನ ಅದನ್ನು ಇಂದಿಗೂ ಪ್ರೀತಿಸುತ್ತಾರೆ. ಅವರ ಆಡಳಿತದಲ್ಲೇ ತಯಾರಾದ ‘ದಿ ಗೋ ಬಿಟ್ವೀನ್’ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. ಆದರೆ ಹಲವು ಚಿತ್ರಗಳು ಓಡಲಿಲ್ಲ, ಮೇಲಿನವರೊಂದಿಗೆ ಹೊಂದಲಿಲ್ಲ. 1971ರಲ್ಲೇ ಕುರ್ಚಿ ಬಿಟ್ಟರು.

ಇನ್ನೊಂದು ವಿಷಯವನ್ನು ನಾನು ಮುಚ್ಚಿಡುವುದಿಲ್ಲ, ಪ್ರೀತಿಯಿದ್ದರೂ ಹೇಳಲೇಬೇಕು. 1975ರಲ್ಲಿ ‘ದಿ ಸ್ಟೆಪ್‌ಫರ್ಡ್ ವೈವ್ಸ್’ ನಿರ್ದೇಶಿಸಿದಾಗ ಚಿತ್ರಕಥೆ ಅಮೆರಿಕದ ವಿಲಿಯಂ ಗೋಲ್ಡ್‌ಮನ್ ಅವರದ್ದು. ಫೋರ್ಬ್ಸ್ ತಮ್ಮ ಪತ್ನಿ ನ್ಯಾನೆಟ್ ನ್ಯೂಮನ್ ಅವರಿಗೆ ಒಂದು ಪಾತ್ರ ಕೊಟ್ಟರು. ಈ ಆಯ್ಕೆಯಿಂದಾಗಿ, ಕಥೆ ನಡೆಯುವ ಸ್ಟೆಪ್‌ಫರ್ಡ್ ಊರಿನ ಹೆಂಗಸರ ರೂಪ, ಉಡುಪು ತಾನು ಬರೆದದ್ದಕ್ಕಿಂತ ಬೇರೆಯಾಯಿತು ಎಂದು ಗೋಲ್ಡ್‌ಮನ್ ಮುಂದೆ ಪುಸ್ತಕದಲ್ಲೇ ದೂರಿದರು. ಲೈಟುಗಳ ಹಿಂದೆ ಶೀಟ್ ಹಿಡಿದು ನಿಂತವನು ಈ ಸಲ ಗೋಲ್ಡ್‌ಮನ್. ಅದನ್ನು ಓದಿದಾಗ ನನಗೆ ನೋವಾಯಿತು. ತಪ್ಪು ಫೋರ್ಬ್ಸ್ ಅವರದ್ದೇ ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಹದಿನೇಳು ವರ್ಷದ ಮೇಲೆ ಅಟೆನ್‌ಬರೋ ಚಾಪ್ಲಿನ್ನರ ಬದುಕನ್ನು ಸಿನಿಮಾ ಮಾಡಿದರು. ಚಿತ್ರಕಥೆ ಮೊದಲು ಬರೆದವರು ಹಳೆಯ ಗೆಳೆಯ ಫೋರ್ಬ್ಸ್. ಆಮೇಲೆ ಅದು ಬೇರೆ ಕೈಗಳಿಗೆ ಹೋಯಿತು. ‘ಚಾಪ್ಲಿನ್’ ನೋಡುವಾಗ ಟೈಟಲ್ ಕಾರ್ಡ್ ಬಂದ ಕೂಡಲೇ ನಾನು ಚಿತ್ರವನ್ನು ನಿಲ್ಲಿಸಿಬಿಟ್ಟೆ. ಚಿತ್ರಕಥೆ ಎಂಬಲ್ಲಿ ಮೂರು ಹೆಸರಿದ್ದವು: ವಿಲಿಯಂ ಬಾಯ್ಡ್, ಬ್ರಯಾನ್ ಫೋರ್ಬ್ಸ್, ವಿಲಿಯಂ ಗೋಲ್ಡ್‌ಮನ್.