ತರ್ಕಬದ್ಧ ರೂಪವೇ ಮೂಲರೂಪವೇ? ಮೂರು ಇಂಗ್ಲಿಷ್ ನುಡಿಗಟ್ಟುಗಳ ಚರಿತ್ರೆ

ಇಂಗ್ಲಿಷಿನ ಕೆಲವು ನುಡಿಗಟ್ಟುಗಳನ್ನು ಕುರಿತು ಒಂದು ಆಕ್ಷೇಪ ಮರುಕಳಿಸುತ್ತಲೇ ಬಂದಿದೆ: ಅವುಗಳ ಪದಗಳನ್ನು ಇದ್ದಂತೆಯೇ ಓದಿದರೆ ಅರ್ಥ ಕೂಡುವುದಿಲ್ಲ. ಈ ಆಕ್ಷೇಪದ ಜೊತೆಗೆ ಒಂದು ಚಾರಿತ್ರಿಕ ಊಹೆಯೂ ಸೇರಿಕೊಂಡಿರುತ್ತದೆ. ಮೊದಲಿಗೆ ತರ್ಕಬದ್ಧವಾದ ರೂಪವೊಂದಿತ್ತು, ಬಳಸುವವರ ಅಲಕ್ಷ್ಯದಿಂದ ಅದು ಕೆಟ್ಟು ಈಗಿನ ರೂಪ ಬಂದಿತು ಎಂಬುದೇ ಆ ಊಹೆ. ಆಕ್ಷೇಪವು ಶಬ್ದಾರ್ಥಕ್ಕೆ ಸಂಬಂಧಿಸಿದುದು, ಊಹೆಯು ಕಾಲಾನುಕ್ರಮಕ್ಕೆ ಸಂಬಂಧಿಸಿದುದು. ಇವೆರಡನ್ನೂ ಬೇರ್ಪಡಿಸಿ ನೋಡಬೇಕು ಎಂಬುದು ನಮ್ಮ ವಾದ. ಇದಕ್ಕಾಗಿ ಮೂರು ನಿದರ್ಶನಗಳನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಮೊದಲನೆಯದು ‘ಹ್ಯಾವ್ ಯುವರ್ ಕೇಕ್ ಅಂಡ್ ಈಟ್ ಇಟ್’. ಕೇಕನ್ನು ಮೊದಲು ಹೊಂದಿ ಆಮೇಲೆ ತಿನ್ನುವುದು ದಿನವೂ ನಡೆಯುವ ಸಂಗತಿ. ಅಸಾಧ್ಯವಾದುದು ತಿಂದ ಮೇಲೂ ಅದನ್ನು ಉಳಿಸಿಕೊಳ್ಳುವುದು. ಆದ್ದರಿಂದ ‘ಈಟ್’ ಮೊದಲು ಬರುವ ರೂಪವೇ ಸರಿ, ಅದೇ ಮೂಲ ಎಂದು ವಾದಿಸುವವರಿದ್ದಾರೆ. ಅವರು ಸಾಮಾನ್ಯವಾಗಿ ಮುಂದಿಡುವ ಆಧಾರ ಜಾನ್ ಹೇವುಡ್ 1546ರಲ್ಲಿ ಪ್ರಕಟಿಸಿದ ಗಾದೆಗಳ ಸಂಗ್ರಹ. ಅದರಲ್ಲಿ ತಿನ್ನುವುದು ಮೊದಲು, ಉಳಿಸಿಕೊಳ್ಳುವುದು ಅನಂತರ. ಆದರೆ ನಾರ್ಫೋಕ್‌ನ ಡ್ಯೂಕ್ ತಾಮಸ್ ಹೊವರ್ಡ್ 1538ರಲ್ಲಿ ತಾಮಸ್ ಕ್ರಾಮ್ವೆಲ್‌ಗೆ ಬರೆದ ಪತ್ರದಲ್ಲಿ ‘ಹ್ಯಾವ್’ ಮೊದಲು ಬಂದಿದೆ. ಅಂದರೆ ತರ್ಕಕ್ಕೆ ಒಗ್ಗದೆಂದು ತಳ್ಳಿಹಾಕಲಾದ ಕ್ರಮವು ದಾಖಲೆಯಲ್ಲಿ ಎಂಟು ವರ್ಷ ಹಿಂದಿನದು. ಎಂಟು ವರ್ಷಗಳ ಅಂತರದಿಂದ ಅದೇ ಮೂಲವೆಂದು ಸಾಧಿಸಲಾಗದು. ಎರಡೂ ಕ್ರಮಗಳು 16ನೆಯ ಶತಮಾನದ ಬಳಕೆಯಲ್ಲಿದ್ದವು ಎಂಬುದಷ್ಟೇ ಇದರಿಂದ ಖಚಿತವಾಗುತ್ತದೆ.

ಹಾಗಾದರೆ ಆಕ್ಷೇಪ ಹುಟ್ಟುವುದು ಎಲ್ಲಿಂದ? ಕಾರಣಗಳು ಎರಡು ಪದಗಳಲ್ಲಿವೆ. ಈ ನುಡಿಗಟ್ಟಿನ ‘ಹ್ಯಾವ್’ಗೆ ‘ಕೈಯಲ್ಲಿ ಉಳಿಸಿಕೊಂಡಿರು’ ಎಂಬ ಸ್ಥಿತಿವಾಚಕ ಅರ್ಥವಿದೆ. ತಿನಿಸಿನ ಹೆಸರಿನೊಂದಿಗೆ ಬಂದಾಗ ಇಂದಿನ ಓದುಗರಿಗೆ ಅದು ‘ಪಡೆ’ ಅಥವಾ ‘ಸೇವಿಸು’ ಎಂದು ತೋರುತ್ತದೆ. ಇನ್ನು ‘ಅಂಡ್’ ಎಂಬುದು ಎರಡು ಸಂಗತಿಗಳನ್ನು ಕೇವಲ ಜೋಡಿಸಬಲ್ಲದು, ಒಂದಾದ ಮೇಲೊಂದು ನಡೆದುದನ್ನೂ ಸೂಚಿಸಬಲ್ಲದು. ಕೇವಲ ಜೋಡಣೆಯೆಂದು ತೆಗೆದುಕೊಂಡರೆ, ಉಳಿಸಿಕೊಳ್ಳುವುದೂ ತಿನ್ನುವುದೂ ಒಟ್ಟಿಗೆ ಸಲ್ಲವು ಎಂಬ ಹೇಳಿಕೆಯನ್ನು ಯಾವ ಕ್ರಮದಲ್ಲಿ ಹೇಳಿದರೂ ಅದು ನಿಜವೇ. ಅನುಕ್ರಮವೆಂದು ಓದಿದಾಗ ಮಾತ್ರ ದೋಷ ಕಾಣಿಸುತ್ತದೆ. ಹೀಗಾಗಿ ದೋಷವಿರುವುದು ನುಡಿಗಟ್ಟಿನಲ್ಲಲ್ಲ, ಅದಕ್ಕೆ ಅನ್ವಯಿಸಿದ ಓದಿನ ಕ್ರಮದಲ್ಲಿ.

ಎರಡನೆಯದು ‘ಹೆಡ್ ಓವರ್ ಹೀಲ್ಸ್’. ಹಿಮ್ಮಡಿಗಿಂತ ತಲೆ ಮೇಲಿರುವುದು ನಿಂತ ಮನುಷ್ಯನ ಸಹಜ ಭಂಗಿ. ಉರುಳಿಬೀಳುವುದನ್ನು ಅದು ಹೇಗೆ ಸೂಚಿಸೀತು? ಇಲ್ಲಿ ಚರಿತ್ರೆಯು ಆಕ್ಷೇಪಕರ ಪಕ್ಷದಲ್ಲಿದೆ. 14ನೆಯ ಶತಮಾನದ ‘ಪೇಶನ್ಸ್’ ಕಾವ್ಯದಲ್ಲಿ ಯೋನನು ತಿಮಿಂಗಿಲದ ಒಡಲೊಳಕ್ಕೆ ಉರುಳುವಾಗ ಹಿಮ್ಮಡಿಯೇ ತಲೆಯ ಮೇಲಿದೆ. ಪದಗಳು ಅದಲುಬದಲಾದುದು 18ನೆಯ ಶತಮಾನದಲ್ಲಿ. ಪ್ರೇಮಕ್ಕೆ ಸಂಬಂಧಿಸಿದ ಬಳಕೆ 19ನೆಯ ಶತಮಾನದಲ್ಲಿ ನೆಲೆಗೊಂಡಿತು. ಕನ್ನಡದ ‘ತಲೆಕೆಳಗು’ ಪದದಲ್ಲಿ ಅರ್ಥವು ಪಾರದರ್ಶಕವಾಗಿಯೇ ಉಳಿದಿದೆ. ಇಂಗ್ಲಿಷಿನಲ್ಲಿ ಅದು ಮಸುಕಾದರೂ ನುಡಿಗಟ್ಟು ತನ್ನ ಕೆಲಸವನ್ನು ಬಿಡಲಿಲ್ಲ.

ಮೂರನೆಯದು ಅಮೆರಿಕದ ‘ಕುಡ್ ಕೇರ್ ಲೆಸ್’. ‘ಕುಡಂಟ್ ಕೇರ್ ಲೆಸ್’ ಎಂದರೆ ಇದಕ್ಕಿಂತ ಕಡಿಮೆ ಕಾಳಜಿ ಅಸಾಧ್ಯ ಎಂದಾಯಿತು. ನಿಷೇಧವನ್ನು ಕಳಚಿದ ರೂಪ 20ನೆಯ ಶತಮಾನದ ಮಧ್ಯಭಾಗದಿಂದ ಅಮೆರಿಕದ ಬಳಕೆಯಲ್ಲಿದೆ. ಅರ್ಥ ಮಾತ್ರ ಬದಲಾಗಿಲ್ಲ. ಸ್ಟೀವನ್ ಪಿಂಕರ್ 1994ರ ‘ದಿ ಲ್ಯಾಂಗ್ವೇಜ್ ಇನ್‌ಸ್ಟಿಂಕ್ಟ್’ ಕೃತಿಯಲ್ಲಿ ಸ್ವರಭಾರದ ವ್ಯತ್ಯಾಸವನ್ನು ಆಧರಿಸಿ ಇದನ್ನು ವ್ಯಂಗ್ಯವೆಂದು ವಿವರಿಸಿದರು. ವ್ಯಂಗ್ಯದ ಸುಳಿವೇ ಇಲ್ಲದೆ ಇದನ್ನಾಡುವವರಿಗೆ ಆ ವಿವರಣೆ ಸಾಲದು. ನಿಷೇಧದ ಚರಿತ್ರೆಯಲ್ಲಿಯೇ ಇದಕ್ಕೆ ಹತ್ತಿರದ ಸಾದೃಶ್ಯ ದೊರೆಯುತ್ತದೆ. ಫ್ರೆಂಚಿನ ‘ಪಾ’ ಮೂಲತಃ ‘ಹೆಜ್ಜೆ’ ಎಂಬ ನಾಮಪದ. ‘ನ’ ಎಂಬ ನಿಷೇಧದ ಒತ್ತಾಸೆಗೆ ಬಂದ ಅದು, ಆಡುಮಾತಿನಲ್ಲಿ ‘ನ’ ಬಿದ್ದುಹೋದಾಗ ನಿಷೇಧಾರ್ಥವನ್ನು ತಾನೇ ಹೊತ್ತುಕೊಂಡಿತು. ಆಟೊ ಯೆಸ್ಪರ್ಸನ್ 1917ರಲ್ಲಿ ವಿವರಿಸಿದ ಚಕ್ರ ಇದು. ‘ಕೇರ್ ಲೆಸ್’ ಕೂಡ ಅದೇ ರೀತಿ ಇಡೀ ನುಡಿಗಟ್ಟಿನ ನಿಷೇಧಾರ್ಥವನ್ನು ತನ್ನೊಳಗೆ ಹೀರಿಕೊಂಡಿದೆಯೆಂದು ನಾವು ಭಾವಿಸುತ್ತೇವೆ.

ಮೂರು ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಎರಡರಲ್ಲಿ ತರ್ಕಬದ್ಧ ರೂಪ ಹಳೆಯದು. ಒಂದರಲ್ಲಿ ಹಾಗೆನ್ನಲು ದಾಖಲೆ ಎಡೆಗೊಡುವುದಿಲ್ಲ. ಆದ್ದರಿಂದ ತರ್ಕವನ್ನು ಕಾಲನಿರ್ಣಯದ ಸಾಧನವಾಗಿ ಬಳಸುವಂತಿಲ್ಲ.

ಇದು ಕೇವಲ ಪಂಡಿತರ ಚರ್ಚೆಯಲ್ಲ. 1978ರಿಂದ 1995ರವರೆಗೆ ಬಾಂಬುಗಳಿಂದ ಮೂವರನ್ನು ಕೊಂದ ಥಿಯೊಡೋರ್ ಕಝಿನ್ಸ್ಕಿಯ ಪ್ರಬಂಧ 1995ರ ಸೆಪ್ಟೆಂಬರಿನಲ್ಲಿ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಪ್ರಕಟವಾಯಿತು. ಅದರ ಶೈಲಿಯನ್ನು ಅವನ ತಮ್ಮನ ಕುಟುಂಬ ಗುರುತಿಸಿತು. ಕುಟುಂಬದವರು ಒದಗಿಸಿದ ಬರಹಗಳೊಂದಿಗೆ ಪ್ರಬಂಧವನ್ನು ಹೋಲಿಸಿದಾಗ ಎಫ್‌ಬಿಐನ ಜೇಮ್ಸ್ ಫಿಟ್ಜೆರಾಲ್ಡ್ ಗಮನಿಸಿದ ಅಂಶಗಳಲ್ಲಿ ಕೇಕಿನ ನುಡಿಗಟ್ಟೂ ಒಂದು: ಎರಡೂ ಕಡೆ ‘ಈಟ್’ ಮೊದಲು ಬಂದಿತ್ತು. 1996ರ ಏಪ್ರಿಲ್‌ನಲ್ಲಿ ಅವನ ಬಂಧನವಾಯಿತು. ಅವನು ಬಳಸಿದ್ದು ತರ್ಕವಾದಿಗಳು ಸರಿಯೆನ್ನುವ ರೂಪವನ್ನೇ. ಅದಕ್ಕೆ ಸಾಕ್ಷ್ಯದ ಬೆಲೆ ಬಂದುದು ಅದು ಸರಿಯಾದುದರಿಂದಲ್ಲ, ಸಮಕಾಲೀನ ಬಳಕೆಯಲ್ಲಿ ವಿರಳವಾಗಿದ್ದುದರಿಂದ. ಯಾವ ರೂಪ ಸರಿ ಎಂಬ ಪ್ರಶ್ನೆಯಲ್ಲೇ ನಿಂತ ಸಂಶೋಧಕನಿಗೆ ಈ ಬೆಲೆ ಕಾಣುತ್ತಿರಲಿಲ್ಲ. ಒಂದು ನುಡಿಗಟ್ಟು ಒಂಟಿಯಾಗಿ ಯಾರನ್ನೂ ಗುರುತಿಸಲಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಇತರ ಹಲವು ಲಕ್ಷಣಗಳೊಂದಿಗೆ ಸೇರಿದಾಗಲೇ ಅದು ಸಾಕ್ಷ್ಯವಾಗುತ್ತದೆ.

ಕನ್ನಡದ ವಿದ್ಯಾರ್ಥಿಗೆ ಈ ವಿಚಾರ ಹೊಸದಾಗಬೇಕಾಗಿಲ್ಲ. ‘ಎದ್ದುಬಿದ್ದು ಓಡಿದನು’ ಎಂದು ನಾವು ಹೇಳುತ್ತೇವೆ. ಕನ್ನಡದ ಭೂತಕೃದಂತಾವ್ಯಯವು ಸಾಮಾನ್ಯವಾಗಿ ಕ್ರಿಯೆಗಳ ಅನುಕ್ರಮವನ್ನು ಸೂಚಿಸುವುದರಿಂದ, ಪದಶಃ ಓದಿದರೆ ಓಡುವುದಕ್ಕೆ ಮುನ್ನಿನ ಕ್ರಿಯೆ ಬೀಳುವುದಾಗುತ್ತದೆ. ಬಿದ್ದವನು ಏಳದೆ ಓಡುವುದೆಂತು ಎಂದು ಯಾರೂ ಆಕ್ಷೇಪಿಸುವುದಿಲ್ಲ, ‘ಬಿದ್ದೆದ್ದು’ ಎಂದು ತಿದ್ದುವುದೂ ಇಲ್ಲ. ಅವಸರ ಎಂಬ ಅರ್ಥವನ್ನು ಇಡೀ ನುಡಿಗಟ್ಟು ಕೊಡುತ್ತದೆ. ಬಿಡಿ ಕ್ರಿಯೆಗಳ ಅನುಕ್ರಮ ಹಿಂದೆ ಸರಿದಿದೆ. ಸ್ವಂತ ಭಾಷೆಯಲ್ಲಿ ಸಹಜವೆನಿಸುವ ಇದನ್ನು ಕಲಿತ ಭಾಷೆಯಲ್ಲಿ ದೋಷವೆಂದು ಎಣಿಸುವುದು ನಮ್ಮ ತರಗತಿಗಳಲ್ಲಿ ರೂಢಿಯಾಗಿದೆ.

ಆದ್ದರಿಂದ ನುಡಿಗಟ್ಟುಗಳ ಕೋಶವನ್ನು ರಚಿಸುವವರು ಪರ್ಯಾಯ ರೂಪಗಳನ್ನು ‘ಶುದ್ಧ’, ‘ಅಶುದ್ಧ’ ಎಂದು ವಿಂಗಡಿಸುವ ಮೊದಲು, ಪ್ರತಿಯೊಂದರ ಮೊದಲ ದಾಖಲೆ, ಪ್ರದೇಶ ಮತ್ತು ಬಳಕೆಯ ಪ್ರಮಾಣವನ್ನು ಪ್ರತ್ಯೇಕವಾಗಿ ನಮೂದಿಸುವುದು ಅಗತ್ಯ. ಉತ್ತರಪತ್ರಿಕೆಯಲ್ಲಿ ‘ಹ್ಯಾವ್’ ಮೊದಲು ಬಂದಿತೆಂದು ಅಂಕ ಕಳೆಯುವ ಮುನ್ನ ಅಧ್ಯಾಪಕರೂ 1538ರ ಪತ್ರವನ್ನು ನೆನೆಯಬಹುದು.