ಬೆಳೆಗೆ ಹುಳ ಬಿದ್ರೆ ಯಾರನ್ನ ಕೇಳೋದು? ಔಷಧಿ ತರೋ ಮುಂಚೆ ಇದನ್ನ ಓದಿ

ದಾವಣಗೆರೆ: ಮೆಕ್ಕೆಜೋಳದ ಎಲೆ ತೂತು ಬಿತ್ತು ಅಂದ್ರೆ ಸಣ್ಣ ರೈತರು ಮೊದಲು ಕೇಳೋದು ಪಕ್ಕದ ಹೊಲದವರನ್ನ, ಆಮೇಲೆ ಗೊಬ್ಬರದ ಅಂಗಡಿಯವರನ್ನ. ಇದು ನಮ್ಮ ಜಿಲ್ಲೆಯ ಕಥೆ ಮಾತ್ರ ಅಲ್ಲ. 2003ರಲ್ಲಿ ದೇಶಾದ್ಯಂತ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ, ಕೃಷಿ ತಾಂತ್ರಿಕ ಮಾಹಿತಿ ಸಿಕ್ಕಿದ್ದು ಶೇ 40ರಷ್ಟು ರೈತ ಕುಟುಂಬಗಳಿಗೆ ಮಾತ್ರ. ಪ್ರಗತಿಪರ ರೈತರಿಂದ ತಿಳಿದುಕೊಂಡವರು ಸುಮಾರು ಶೇ 17, ಅಂಗಡಿಯವರಿಂದ ಶೇ 13, ಇಲಾಖೆಯವರಿಂದ ಶೇ 6ಕ್ಕಿಂತ ಕಮ್ಮಿ.

ಅಂಗಡಿ ಹತ್ತಿರ ಇರುತ್ತೆ, ಉದ್ರಿನೂ ಸಿಗುತ್ತೆ. ಅಲ್ಲಿ ಕೇಳೋದು ತಪ್ಪಲ್ಲ. ಆದರೆ ಹುಳ ಯಾವುದು ಅಂತ ಗೊತ್ತಾಗದೆ ಔಷಧಿ ಹೊಡೆದ್ರೆ ದುಡ್ಡೂ ಹೋಗುತ್ತೆ, ಬೆಳೆನೂ ಹೋಗುತ್ತೆ.

2018ರ ಪಾಠ

ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಹೊಸ ಹುಳ ಆದ್ದರಿಂದ ಪಕ್ಕದ ಹೊಲದವರಿಗೂ ಅದರ ಅನುಭವ ಇರಲಿಲ್ಲ. ಗುರುತು ಹೀಗಿದೆ: ತಲೆ ಮೇಲೆ ಇಂಗ್ಲಿಷಿನ 'ವೈ' ಅಕ್ಷರ ಉಲ್ಟಾ ಬರೆದಂಗೆ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಹುಳ ಸುಳಿಯೊಳಗೆ ಅಡಗಿರುತ್ತೆ. ಹಾಗಾಗಿ ಎಲೆ ಮೇಲಷ್ಟೇ ಹೊಡೆದ್ರೆ ಸಾಲದು, ಔಷಧಿ ಸುಳಿಗೆ ಇಳೀಬೇಕು.

ಎಲ್ಲಿ ಕೇಳಬೇಕು?

* ರೈತ ಸಂಪರ್ಕ ಕೇಂದ್ರ: ಹೋಬಳಿ ಮಟ್ಟದಲ್ಲಿದೆ. ಸಲಹೆ, ಸಬ್ಸಿಡಿ ಬೀಜ ಎರಡೂ ಇಲ್ಲೇ. ಅಡಿಕೆ, ತೆಂಗು, ತರಕಾರಿ ಆದ್ರೆ ತೋಟಗಾರಿಕೆ ಇಲಾಖೆ ಕಚೇರಿಗೆ ಹೋಗಿ.
* ಕಿಸಾನ್ ಕಾಲ್ ಸೆಂಟರ್: 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.
* ಕೃಷಿ ವಿಜ್ಞಾನ ಕೇಂದ್ರ: ನಮ್ಮ ಜಿಲ್ಲೆಗೆ ದಾವಣಗೆರೆಯ ತರಳಬಾಳು ಕೆವಿಕೆ ಇದೆ. ವಿಜ್ಞಾನಿಗಳೇ ಗಿಡ ನೋಡಿ ಹೇಳ್ತಾರೆ.
* ಮಣ್ಣು ಆರೋಗ್ಯ ಕಾರ್ಡ್: 2015ರಲ್ಲಿ ಶುರುವಾದ ಯೋಜನೆ. ಮಣ್ಣಿನ 12 ಅಂಶ ಪರೀಕ್ಷೆ ಮಾಡಿ ಯಾವ ಗೊಬ್ಬರ ಎಷ್ಟು ಅಂತ ಬರೆದು ಕೊಡ್ತಾರೆ.
* ಮೇಘದೂತ್ ಆ್ಯಪ್: ಔಷಧಿ ಹೊಡೆಯೋ ಮುಂಚೆ ಮಳೆ ಮುನ್ಸೂಚನೆ ನೋಡ್ಕೊಳ್ಳಿ.

ಕೇಳೋದು ಹೇಗೆ?

ಬರೀ ಒಂದು ಎಲೆ ಹಿಡ್ಕೊಂಡು ಹೋಗಬೇಡಿ. ಬೇರು ಸಮೇತ ಗಿಡ ತಗೊಂಡು ಹೋಗಿ, ಹುಳದ ಫೋಟೊ ಇರಲಿ. ಬಿತ್ತನೆ ಆಗಿ ಎಷ್ಟು ದಿನ ಆಯ್ತು, ಇಲ್ಲಿವರೆಗೆ ಏನೇನು ಹೊಡೆದಿದ್ದೀರಿ ಅಂತ ಹೇಳಿ. ಮೊದಲು ಹುಳದ ಹೆಸರು ಕೇಳಿ, ಆಮೇಲೆ ಔಷಧಿ ಹೆಸರು, ಲೀಟರ್ ನೀರಿಗೆ ಪ್ರಮಾಣ. ಚೀಟಿಯಲ್ಲಿ ಬರೆಸ್ಕೊಳ್ಳಿ.

ಅಂಗಡಿಯಲ್ಲಿ

ಉದ್ರಿ ತಂದ್ರೂ ಬಿಲ್ ಕೇಳಿ. ಅದರಲ್ಲಿ ಬ್ಯಾಚ್ ನಂಬರ್ ಇರಲಿ. ಮಾಲು ಕಳಪೆ ಅಂತ ಆಮೇಲೆ ದೂರು ಕೊಡೋಕೆ ಅದೇ ಸಾಕ್ಷಿ. ಅವಧಿ ಮುಗಿಯೋ ದಿನಾಂಕ ನೋಡಿ. ಲೇಬಲ್‌ನಲ್ಲಿ ನಿಮ್ಮ ಬೆಳೆ ಹೆಸರು ಇದೆಯಾ ಅಂತಾನೂ ನೋಡಿ. ಡಬ್ಬಿ ಮೇಲಿನ ಕೆಂಪು ಗುರುತು ಅಂದ್ರೆ ಹುಳಕ್ಕೆ ಪವರ್ ಜಾಸ್ತಿ ಅಂತಲ್ಲ, ಮನುಷ್ಯರಿಗೆ ಅತಿ ವಿಷ ಅಂತ. ಆಮೇಲೆ ಹಳದಿ, ನೀಲಿ. ಹಸಿರು ಎಲ್ಲಕ್ಕಿಂತ ಕಮ್ಮಿ ವಿಷ.

ಅಂಗಡಿಯವರಿಗೂ ಒಂದು ಮಾತು. ಕೃಷಿ ಪರಿಕರ ಮಾರುವವರಿಗಾಗಿಯೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಶುರು ಮಾಡಿದ 'ದೇಸಿ' ಅನ್ನೋ ಒಂದು ವರ್ಷದ ಡಿಪ್ಲೊಮಾ ಇದೆ. ರೈತ ಮೊದಲು ಬರೋದೇ ನಿಮ್ಮ ಹತ್ರ. ಗೊತ್ತಿಲ್ಲದ ಹುಳ ಕಂಡ್ರೆ ಡಬ್ಬಿ ಕೊಡೋ ಬದಲು ಕೆವಿಕೆಗೆ ಕಳಿಸಿ. ಬೆಳೆ ಉಳಿದ್ರೆ ತಾನೇ ಉದ್ರಿನೂ ವಾಪಸ್ ಬರೋದು.